ಸಿಬಿಲ್ ಕಾಗದದಲ್ಲಿ ನಿಮ್ಮ ಹೆಸರು: ಓದುವ ಹಕ್ಕು, ತಿದ್ದಿಸುವ ಹಕ್ಕು

ಆಲಂಕಾರು ಪೇಟೆಯಲ್ಲಿ ಯಾರು ಮಾತಿಗೆ ತಪ್ಪದೆ ಸಾಲ ಕಟ್ಟುತ್ತಾರೆ, ಯಾರು ಎಳೆದಾಡುತ್ತಾರೆ ಎಂದು ತಿಳಿಯಲು ಯಾವ ಕಾಗದವೂ ಬೇಕಿರಲಿಲ್ಲ. ಅಡಿಕೆ ಹಾಕುವ ಅಂಗಡಿಯವರಿಗೆ ಗೊತ್ತಿತ್ತು, ಹಾಲಿನ ಡೇರಿಯಲ್ಲಿ ಸಾಲು ನಿಂತವರಿಗೆ ಗೊತ್ತಿತ್ತು, ಸೊಸೈಟಿಯ ಕಾರ್ಯದರ್ಶಿಗಂತೂ ಬಾಯಿಪಾಠ. ಈ ಸೀಮೆಯ ಸಹಕಾರಿ ಸಂಘಗಳು ಬೆಳೆದದ್ದೇ ಆ ತಿಳಿವಳಿಕೆಯ ಮೇಲೆ. ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಸಹಕಾರಿ ಸಂಘ ಕಟ್ಟಿದಾಗ ಬಂಡವಾಳಕ್ಕಿಂತ ದೊಡ್ಡ ಆಧಾರವಾಗಿದ್ದದ್ದು ಊರಿನವರು ಒಬ್ಬರನ್ನೊಬ್ಬರು ಬಲ್ಲರು ಎಂಬುದೇ.

ನಮ್ಮ ನೆರೆಕರೆಯ ಹಿರಿಯರೊಬ್ಬರು ಮೂವತ್ತು ವರ್ಷ ಸೊಸೈಟಿಯಿಂದ ಬೆಳೆಸಾಲ ತೆಗೆದವರು. ವಾಯಿದೆ ಮುಗಿಯುವ ಮೊದಲೇ ಅಡಿಕೆ ಮಾರಿ ಕಟ್ಟುವವರು; ಕೊಳೆರೋಗ ಬಂದು ಅರ್ಧ ಫಸಲು ಹೋದ ವರ್ಷವೂ ಮನೆಯ ಚಿನ್ನ ಅಡವಿಟ್ಟು ಕಟ್ಟಿದವರು. ಮಗನಿಗೆ ಪಿಕಪ್ ವಾಹನ ತೆಗೆಸಿಕೊಡಲು ಮೊದಲ ಬಾರಿ ಸೊಸೈಟಿಯ ಹೊರಗೆ ಸಾಲ ಕೇಳಿದರು. ಅಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿ, “ನಿಮ್ಮ ಸಿಬಿಲ್‌ನಲ್ಲಿ ಏನೂ ಕಾಣ್ತಾ ಇಲ್ಲ, ಕಷ್ಟ ಉಂಟು” ಎಂದ.

“ಏನೂ ಇಲ್ಲದಿದ್ರೆ ಒಳ್ಳೆದಲ್ವಾ ಮಾರಾಯ್ರೆ? ಬಾಕಿ ಇಲ್ಲ ಅಂತಲ್ವಾ ಅದರ ಅರ್ಥ?” ಎಂದು ಅವರು ಸಂಜೆ ನನ್ನಲ್ಲಿ ಬಂದು ಕೇಳಿದರು. ಅವರ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಕೊಡಲು ನನಗೆ ಆಗಲಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಯಾವುದು ಈ ಸಿಬಿಲ್?

ನಾವೆಲ್ಲ ‘ಸಿಬಿಲ್’ ಎನ್ನುವುದು ಒಂದು ಕಂಪನಿಯ ಹೆಸರು. 2000ನೇ ಇಸವಿಯಲ್ಲಿ ಮುಂಬೈಯಲ್ಲಿ ಶುರುವಾದ ಆ ಸಂಸ್ಥೆಗೆ ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂದು ಹೆಸರು. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕಕ್ಕೂ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆ. ಇವನ್ನು ಆಳುವ ಕಾನೂನು 2005ರ ಕ್ರೆಡಿಟ್ ಇನ್ಫರ್ಮೇಶನ್ ಕಂಪನಿಗಳ ನಿಯಂತ್ರಣ ಕಾಯ್ದೆ.

ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು, ಕ್ರೆಡಿಟ್ ಕಾರ್ಡ್ ಕೊಡುವವರು ತಮ್ಮ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಈ ನಾಲ್ಕೂ ಕಂಪನಿಗಳಿಗೆ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದರು. 2025ರ ಜನವರಿ 1ರಿಂದ ಕನಿಷ್ಠ 15 ದಿನಕ್ಕೊಮ್ಮೆ ಕಳಿಸಲೇಬೇಕೆಂದು ನಿಯಮ ಬಂತು. ಎಷ್ಟು ಸಾಲ, ಯಾವಾಗ ತೆಗೆದದ್ದು, ಯಾವ ಕಂತು ಎಷ್ಟು ದಿನ ತಡವಾಯಿತು, ಸಾಲ ಮುಗಿಯಿತೇ ಇಲ್ಲವೇ ಎಂಬುದೆಲ್ಲ ಅದರಲ್ಲಿರುತ್ತದೆ. ಇದಿಷ್ಟೂ ಸೇರಿ ಆಗುವುದು ಕ್ರೆಡಿಟ್ ರಿಪೋರ್ಟ್. ಅದನ್ನು ಆಧರಿಸಿ 300ರಿಂದ 900ರ ನಡುವೆ ಕೊಡುವ ಅಂಕೆಯೇ ಸ್ಕೋರ್. ಜನ ಸ್ಕೋರಿನ ಹಿಂದೆ ಬೀಳುತ್ತಾರೆ. ನಾನು ಹೇಳುವುದಾದರೆ ಸ್ಕೋರ್ ಬಿಟ್ಟು ರಿಪೋರ್ಟ್ ಓದಿ. ಕಾನೂನು ನಿಮಗೆ ತಿದ್ದಿಸುವ ಹಕ್ಕು ಕೊಟ್ಟಿರುವುದು ರಿಪೋರ್ಟಿನಲ್ಲಿರುವ ಸಂಗತಿಗಳನ್ನು. ಸ್ಕೋರ್ ಲೆಕ್ಕ ಹಾಕುವ ಸೂತ್ರವನ್ನು ಯಾರೂ ನಿಮಗಾಗಿ ಬದಲಾಯಿಸುವುದಿಲ್ಲ.

ಈಗ ನೆರೆಯ ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳು ಬ್ಯಾಂಕಿಂಗ್ ಕಾನೂನಿನ ಲೆಕ್ಕದಲ್ಲಿ ಬ್ಯಾಂಕುಗಳಲ್ಲ. 2005ರ ಕಾಯ್ದೆ ಹೆಸರಿಸುವುದು ಸಹಕಾರಿ ಬ್ಯಾಂಕುಗಳನ್ನು. ಊರಿನ ಸೊಸೈಟಿ ಆ ಪಟ್ಟಿಯೊಳಗೆ ಬರುವುದಿಲ್ಲ. ಹಾಗಾಗಿ ಸೊಸೈಟಿಯಲ್ಲಿ ತೆಗೆದ ಬೆಳೆಸಾಲ, ಕಟ್ಟಿದ ಶಿಸ್ತು ಇವು ಸಾಮಾನ್ಯವಾಗಿ ಈ ರಿಪೋರ್ಟಿನಲ್ಲಿ ಕಾಣುವುದಿಲ್ಲ. ರಾಜ್ಯದಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುವಾಗ ಕಡಬ, ಸುಳ್ಯ, ಪುತ್ತೂರಿನ ಕೃಷಿಕ ಬೇರೆ ಕಡೆ ಯಾಕೆ ಹೋಗಬೇಕು? ಹೋಗುವುದಿಲ್ಲ. ಹೀಗೆ ಊರಿನಲ್ಲಿ ಎಲ್ಲರಿಗಿಂತ ನಂಬಿಕಸ್ಥ ಎನಿಸಿದವನ ಹೆಸರಿನ ಮುಂದೆ ಮುಂಬೈಯ ಕಾಗದ ಖಾಲಿ.

ಖಾಲಿ ಕಾಗದ ಕೆಟ್ಟ ಕಾಗದವಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕೌಂಟರಿನಲ್ಲಿ ಎರಡನ್ನೂ ಒಂದೇ ಎಂಬಂತೆ ಹೇಳಿ ಕಳಿಸುವುದನ್ನು ಬಹಳ ಸಲ ಕಂಡಿದ್ದೇನೆ. ಹಿಂದಿನ ಸಾಲದ ದಾಖಲೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರ ಅರ್ಜಿ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ 2025ರ ಜನವರಿ 6ರ ಮುಖ್ಯ ನಿರ್ದೇಶನದಲ್ಲಿ ಸಾಲ ಕೊಡುವವರಿಗೆ ತಿಳಿಸಿದೆ. ಸಾಲ ಕೊಡಲು ಕನಿಷ್ಠ ಇಷ್ಟು ಸ್ಕೋರ್ ಇರಬೇಕೆಂದು ರಿಸರ್ವ್ ಬ್ಯಾಂಕ್ ನಿಗದಿ ಮಾಡಿಲ್ಲ ಎಂಬುದನ್ನು ಹಣಕಾಸು ಸಚಿವಾಲಯವೂ ಅದೇ ವರ್ಷ ಸಂಸತ್ತಿನಲ್ಲಿ ಹೇಳಿತು. ಬ್ಯಾಂಕು ತನ್ನ ಲೆಕ್ಕಾಚಾರದಂತೆ ಬೇರೆ ಕಾರಣಕ್ಕೆ ಇಲ್ಲ ಎನ್ನಬಹುದು. ಅದನ್ನು ಬರವಣಿಗೆಯಲ್ಲಿ ಹೇಳಬೇಕು. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದು ಬ್ಯಾಂಕುಗಳಿಗಿರುವ ನ್ಯಾಯಯುತ ವ್ಯವಹಾರ ಸಂಹಿತೆಯ ನಿಯಮ. “ಕಾರಣ ಒಂದು ಕಾಗದದಲ್ಲಿ ಬರೆದು ಕೊಡಿ” ಎಂದು ಸಾವಧಾನದಿಂದ ಕೇಳಿ. ಹಿರಿಯರಿಗೆ ನಾನು ಹೇಳಿದ್ದು ಅಷ್ಟೇ. ಸೊಸೈಟಿಯಿಂದ ಹಿಂದಿನ ವರ್ಷಗಳ ಸಾಲದ ಖಾತೆಯ ಪ್ರತಿ, ಬೇಬಾಕಿ ಪತ್ರ, ಪಹಣಿ, ಅಡಿಕೆ ಮಾರಿದ ಬಿಲ್ಲುಗಳನ್ನು ಜೋಡಿಸಿಕೊಂಡು ಮತ್ತೆ ಹೋಗಿ, ಮ್ಯಾನೇಜರರನ್ನೇ ಕಾಣಿ ಎಂದೆ.

ಕೇಳಿ ಪಡೆಯುವುದು

2017ರಿಂದ ಈ ನಾಲ್ಕು ಕಂಪನಿಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ರಿಪೋರ್ಟನ್ನು, ಸ್ಕೋರ್ ಸಮೇತ, ಉಚಿತವಾಗಿ ಕೊಡಬೇಕು. ಅಂದರೆ ವರ್ಷಕ್ಕೆ ನಾಲ್ಕು ರಿಪೋರ್ಟ್ ಖರ್ಚಿಲ್ಲದೆ ಸಿಗುತ್ತದೆ. ಒಮ್ಮೆಲೇ ನಾಲ್ಕನ್ನೂ ತೆಗೆಯುವ ಬದಲು ಮೂರು ತಿಂಗಳಿಗೊಂದರಂತೆ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ಮಹಿಳಾ ಗುಂಪುಗಳಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆದವರು ಕ್ರಿಫ್ ಹೈಮಾರ್ಕಿನಿಂದ ಶುರು ಮಾಡುವುದು ಒಳ್ಳೆಯದು. ಆ ಸಂಸ್ಥೆ ಮೊದಲಿನಿಂದಲೂ ಸಣ್ಣ ಸಾಲಗಳ ದಾಖಲೆಗೆ ಗಮನ ಕೊಟ್ಟದ್ದು.

ಕಂಪನಿಯ ವೆಬ್‌ಸೈಟಿನಲ್ಲಿ ಹೆಸರು, ಪ್ಯಾನ್, ಹುಟ್ಟಿದ ದಿನಾಂಕ, ಮೊಬೈಲ್ ಸಂಖ್ಯೆ ಕೊಟ್ಟರೆ ಒಟಿಪಿ ಬರುತ್ತದೆ. ಉಚಿತ ರಿಪೋರ್ಟಿನ ಕೊಂಡಿಯನ್ನು ಎದ್ದು ಕಾಣುವಂತೆ ಹಾಕಬೇಕೆಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ಅಲ್ಲಿ ತಿಂಗಳ ಚಂದಾ, ವರ್ಷದ ಚಂದಾ ಎಂದು ಹಣ ಕೇಳುವ ಪುಟಗಳೂ ಬರುತ್ತವೆ. ಅವಕ್ಕೆ ಒಪ್ಪಿಗೆ ಒತ್ತಬೇಕಾಗಿಲ್ಲ. ವರ್ಷದೊಳಗೆ ಅದೇ ಕಂಪನಿಯಿಂದ ಇನ್ನೊಮ್ಮೆ ಬೇಕೆಂದರೆ ಮಾತ್ರ ಶುಲ್ಕ. ಅದೂ 100 ರೂಪಾಯಿ ಮೀರುವಂತಿಲ್ಲ.

ಪೇಟೆಯ ಸೈಬರ್ ಸೆಂಟರಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗಿ ತೆಗೆಸುವವರು ಒಂದು ವಿಷಯ ನೆನಪಿಡಿ: ಮೊಬೈಲ್ ನಿಮ್ಮ ಕೈಯಲ್ಲೇ ಇರಲಿ, ಪ್ರಿಂಟ್ ತೆಗೆದ ಮೇಲೆ ಆ ಕಂಪ್ಯೂಟರಿನಲ್ಲಿ ಉಳಿದ ಪ್ರತಿಯನ್ನು ಅಳಿಸಲು ಹೇಳಿ. ನಿಮ್ಮ ಪ್ಯಾನ್, ವಿಳಾಸ, ಎಲ್ಲ ಸಾಲಗಳ ವಿವರ ಆ ಕಾಗದದಲ್ಲಿದೆ.

ನಮ್ಮದೇ ರಿಪೋರ್ಟನ್ನು ನಾವೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಮಾತು ಬಹಳ ಕಡೆ ಓಡಾಡುತ್ತಿದೆ. ಅದು ಸುಳ್ಳು. ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುವುದು ಬೇರೆ, ನೀವೇ ನೋಡುವುದು ಬೇರೆ. ನಾಲ್ಕಾರು ಕಡೆ ಒಟ್ಟೊಟ್ಟಿಗೆ ಅರ್ಜಿ ಹಾಕಿದರೆ ಪರಿಣಾಮವಾದೀತು. ಹಾಗೆಯೇ ಯಾವುದೇ ಸಂಸ್ಥೆ ನಿಮ್ಮ ರಿಪೋರ್ಟ್ ತೆಗೆದಾಗ ನಿಮಗೆ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕು. ನೀವು ಸಾಲವನ್ನೇ ಕೇಳದ ಕಂಪನಿಯ ಹೆಸರಿನಲ್ಲಿ ಇಂಥ ಸಂದೇಶ ಬಂದರೆ ಅದನ್ನು ತಳ್ಳಿಬಿಡಬೇಡಿ. ನಿಮ್ಮ ಪ್ಯಾನ್ ಬಳಸಿ ಬೇರೆ ಯಾರೋ ಸಾಲ ಕೇಳುತ್ತಿರಬಹುದು.

ಏನನ್ನು ನೋಡಬೇಕು

ಮೊದಲು ಹೆಸರು, ವಿಳಾಸ. ಇಂಗ್ಲಿಷಿನಲ್ಲಿ ಬರೆಯುವಾಗ ಗೌಡ, ಪೂಜಾರಿ, ಭಟ್ ಎಂಬುದೆಲ್ಲ ಎರಡು ಮೂರು ರೂಪ ತಾಳುತ್ತವೆ. ಆಧಾರಿನಲ್ಲಿ ಒಂದು, ಪ್ಯಾನಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಇಬ್ಬರಿರುವುದೂ ನಮ್ಮಲ್ಲಿ ಹೊಸದಲ್ಲ; ಊರಿನಲ್ಲಿ ಮನೆ ಹೆಸರು ಹೇಳಿ ಗುರುತಿಸುತ್ತೇವೆ, ಕಂಪ್ಯೂಟರಿಗೆ ಮನೆ ಹೆಸರು ಗೊತ್ತಿಲ್ಲ. ಕಡಬ ತಾಲೂಕಾಗುವ ಮೊದಲು ಆಲಂಕಾರು ಪುತ್ತೂರು ತಾಲೂಕಿನಲ್ಲಿತ್ತು, ಹಾಗಾಗಿ ಹಳೆಯ ಸಾಲಗಳಲ್ಲಿ ಪುತ್ತೂರು ತಾಲೂಕು ಎಂದೇ ಇರುತ್ತದೆ. ಅದರಿಂದ ಗಾಬರಿ ಬೇಡ. ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ ತಪ್ಪಿದ್ದರೆ ಮಾತ್ರ ಕೂಡಲೇ ಸರಿಪಡಿಸಿ.

ಆಮೇಲೆ ಒಂದೊಂದೇ ಸಾಲ. ಪ್ರತಿ ಸಾಲದ ಕೆಳಗೆ ತಿಂಗಳುವಾರು ಚೌಕಗಳಿರುತ್ತವೆ. 000 ಎಂದರೆ ಕಂತು ಹೊತ್ತಿಗೆ ಸರಿಯಾಗಿ ಬಂದಿದೆ. 030, 060 ಎಂದಿದ್ದರೆ ಅಷ್ಟು ದಿನ ತಡ. ಸಾಲದ ಸ್ಥಿತಿಯನ್ನು ಹೇಳುವ ಮಾತುಗಳು ಮುಖ್ಯ. ‘ಕ್ಲೋಸ್ಡ್’ ಎಂದರೆ ಪೂರ್ತಿ ತೀರಿದೆ. ‘ಸೆಟಲ್ಡ್’ ಎಂದರೆ ಬ್ಯಾಂಕು ಒಂದಷ್ಟು ಬಿಟ್ಟುಕೊಟ್ಟು ರಾಜಿಯಲ್ಲಿ ಮುಗಿಸಿದೆ. ‘ರಿಟನ್ ಆಫ್’ ಎಂದರೆ ಬರುವುದಿಲ್ಲವೆಂದು ಬ್ಯಾಂಕು ತನ್ನ ಪುಸ್ತಕದಿಂದ ತೆಗೆದಿದೆ. ನಿಮ್ಮ ಬಾಕಿ ಹಾಗೇ ಇದೆ. ಹಳದಿ ರೋಗದಿಂದ ತೋಟವೇ ಹೋದ ಸುಳ್ಯದ ಕೆಲವು ಗ್ರಾಮಗಳ ಕೃಷಿಕರು, ಎಲೆಚುಕ್ಕಿಯಿಂದ ಸೋತವರು ಒಂದೇ ಕಂತಿನ ತೀರುವಳಿಗೆ ಒಪ್ಪುವುದುಂಟು. ಬೇರೆ ದಾರಿ ಇಲ್ಲದಾಗ ಒಪ್ಪುವುದರಲ್ಲಿ ತಪ್ಪಿಲ್ಲ. ಅದು ರಿಪೋರ್ಟಿನಲ್ಲಿ ವರ್ಷಗಟ್ಟಲೆ ‘ಸೆಟಲ್ಡ್’ ಎಂದೇ ಉಳಿಯುತ್ತದೆ ಎಂಬುದನ್ನು ಸಹಿ ಹಾಕುವ ಮೊದಲು ತಿಳಿದಿರಬೇಕು, ತಿಳಿಸಬೇಕು. ದಾಖಲೆಗಳನ್ನು ಕಂಪನಿಗಳು ಕನಿಷ್ಠ 7 ವರ್ಷ ಇಟ್ಟುಕೊಳ್ಳುತ್ತವೆ.

ಕರಾವಳಿಯವರಿಗೆ ಇನ್ನೊಂದು ಗೊಂದಲವಿದೆ. ನಮ್ಮ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೂ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೂ ಸೇರಿದವು. ಹಳೆಯ ಸಾಲದ ವಿಷಯ ಕೇಳಲು ಹೋದರೆ ಹಳೆಯ ಬೋರ್ಡೇ ಇಲ್ಲ ಎಂದು ಜನ ಸುಮ್ಮನಾಗುತ್ತಾರೆ. ಸುಮ್ಮನಾಗಬೇಕಿಲ್ಲ. ಹಳೆಯ ಬ್ಯಾಂಕಿನ ಸಾಲಗಳ ಹೊಣೆಯೆಲ್ಲ ವಿಲೀನ ಮಾಡಿಕೊಂಡ ಬ್ಯಾಂಕಿನದು. ಅರ್ಜಿ ಅಲ್ಲಿಗೇ ಕೊಡಿ. ಹಳೆಯ ಪಾಸ್‌ಬುಕ್, ಹಳೆಯ ಸಾಲದ ಸಂಖ್ಯೆ ಇರುವ ರಸೀದಿಗಳನ್ನು ಎಸೆಯಬೇಡಿ.

ತಪ್ಪು ಕಂಡರೆ

ನನ್ನದೇ ಅನುಭವ ಹೇಳುತ್ತೇನೆ. ಹಲವು ವರ್ಷ ಹಿಂದೆ ಬೈಕಿಗೆ ಸಾಲ ಮಾಡಿದ್ದೆ. ಕೊನೆಯ ಕಂತು ಕಟ್ಟಿ, ಆರ್‌ಸಿಯಿಂದ ಸಾಲದ ಷರಾ ತೆಗೆಸಿ ಮರೆತುಬಿಟ್ಟೆ. ಮನೆ ದುರಸ್ತಿಗೆ ಸಾಲ ಕೇಳಿದಾಗ ಆ ಬೈಕಿನ ಸಾಲ ಇನ್ನೂ ನಡೆಯುತ್ತಿದೆ, ಬಾಕಿ ಇದೆ ಎಂದು ರಿಪೋರ್ಟಿನಲ್ಲಿತ್ತು. ಸಾಲ ಕೊಟ್ಟ ಕಚೇರಿಗೆ ಮೂರು ಸಲ ಹೋದೆ. ಮೂರು ಸಲವೂ “ಸರಿ ಮಾಡ್ತೇವೆ, ಹೋಗಿ” ಎಂದರು. ನಾಲ್ಕು ತಿಂಗಳು ಏನೂ ಆಗಲಿಲ್ಲ. ಬಾಯಿಮಾತಿನಲ್ಲಿ ಹೇಳಿ ಬಂದದ್ದೇ ನನ್ನ ತಪ್ಪು. ಒಂದು ಪುಟದ ದೂರು ಬರೆದು ಸೀಲು, ದಿನಾಂಕ ಹಾಕಿಸಿಕೊಂಡ ಮೇಲೆ ಕೆಲಸ ಆಯಿತು.

ಆ ದಿನಾಂಕಕ್ಕೆ ಈಗ ಇನ್ನೂ ಹೆಚ್ಚು ಬೆಲೆ ಇದೆ. ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 26ರಂದು ಹೊರಡಿಸಿ, 2024ರ ಏಪ್ರಿಲ್ 26ರಿಂದ ಜಾರಿಗೆ ತಂದ ನಿಯಮದ ಪ್ರಕಾರ ದೂರು ಕೊಟ್ಟ 30 ದಿನಗಳೊಳಗೆ ತಪ್ಪು ಸರಿಯಾಗಬೇಕು. ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು. ಸಾಲ ಕೊಟ್ಟ ಸಂಸ್ಥೆ 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು; ಕಳಿಸದಿದ್ದರೆ ದಂಡ ಅದರದ್ದು. ಅದು ಹೊತ್ತಿಗೆ ಕಳಿಸಿಯೂ ಸಿಬಿಲ್‌ನಂಥ ಕಂಪನಿ ತಡಮಾಡಿದರೆ ದಂಡ ಕಂಪನಿಯದು. 30 ದಿನ ದಾಟಿ ಮತ್ತೆ 20 ದಿನ ಎಳೆದರೆ 2,000 ರೂಪಾಯಿ. ದೂರು ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಅದು ನಿಮ್ಮ ಖಾತೆಗೆ ಬರಬೇಕು. ದೂರಿನಲ್ಲಿ ಮೊಬೈಲ್ ಸಂಖ್ಯೆ, ಇಮೇಲ್, ಬ್ಯಾಂಕ್ ಖಾತೆ ಅಥವಾ ಯುಪಿಐ ಐಡಿ ಬರೆಯಲು ಹೇಳುವುದು ಇದಕ್ಕೇ. ಸ್ಕೋರ್ ಕಡಿಮೆ ಕೊಟ್ಟರು ಎಂಬ ದೂರಿಗೆ ಈ ಪರಿಹಾರ ಅನ್ವಯಿಸುವುದಿಲ್ಲ.

ಎರಡು ಕಡೆಗೂ ಒಂದೇ ದಿನ ದೂರು ಕೊಡಿ, ಸಾಲ ಕೊಟ್ಟ ಸಂಸ್ಥೆಗೂ, ರಿಪೋರ್ಟ್ ಕೊಟ್ಟ ಕಂಪನಿಗೂ. ಏಕೆಂದರೆ ಸಾಲ ಕೊಟ್ಟವರು ‘ಇದು ಸರಿ’ ಎಂದು ದೃಢೀಕರಿಸದೆ ಕಂಪನಿ ತಾನಾಗಿ ಏನನ್ನೂ ತಿದ್ದುವಂತಿಲ್ಲ. 2005ರ ಕಾಯ್ದೆಯ 21ನೇ ಕಲಮಿನಲ್ಲೇ ಹಾಗಿದೆ. ಬೇರೆ ಕಂಪನಿಗಳ ರಿಪೋರ್ಟಿನಲ್ಲೂ ಅದೇ ತಪ್ಪಿದೆಯೇ ನೋಡಿ. ದೂರನ್ನು ಉದ್ದ ಬರೆಯಬೇಕಾಗಿಲ್ಲ. ಹೀಗೆ ಸಾಕು:

“ನನ್ನ ಸಾಲದ ಸಂಖ್ಯೆ ಇಂತಿಷ್ಟು. ಇಂಥ ದಿನಾಂಕದಂದು ಪೂರ್ತಿ ಕಟ್ಟಿ ಮುಗಿಸಿದ್ದೇನೆ. ಬೇಬಾಕಿ ಪತ್ರದ ಪ್ರತಿ ಲಗತ್ತಿಸಿದೆ. ಇಂಥ ದಿನಾಂಕದ ಕ್ರೆಡಿಟ್ ರಿಪೋರ್ಟಿನಲ್ಲಿ ಅದು ಬಾಕಿ ಎಂದು ತಪ್ಪಾಗಿ ನಮೂದಾಗಿದೆ. ನಾಲ್ಕೂ ಕಂಪನಿಗಳಿಗೆ ಸರಿಯಾದ ಮಾಹಿತಿ ಕಳಿಸಿ, 30 ದಿನಗಳೊಳಗೆ ನನಗೆ ತಿಳಿಸಬೇಕು. ತಡವಾದಲ್ಲಿ ರಿಸರ್ವ್ ಬ್ಯಾಂಕಿನ ನಿಯಮದಂತೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಈ ಕೆಳಗಿನ ಖಾತೆಗೆ ಜಮಾ ಮಾಡಬೇಕು.”

ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಶಾಖೆಯ ಸೀಲು, ದಿನಾಂಕ ಹಾಕಿಸಿ. ಸೀಲು ಹಾಕಲು ಒಪ್ಪದಿದ್ದರೆ ಆಲಂಕಾರು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಕಂಪನಿಗೆ ಆನ್‌ಲೈನಿನಲ್ಲಿ ದೂರು ಕೊಟ್ಟರೆ ಬರುವ ಸಂಖ್ಯೆಯನ್ನು ಬರೆದಿಡಿ. ತಿದ್ದುವುದಿಲ್ಲ ಎಂದಾದರೆ ಯಾಕೆಂಬ ಕಾರಣವನ್ನೂ ಅವರು ಹೇಳಬೇಕು.

30 ದಿನವಾದರೂ ಉತ್ತರವಿಲ್ಲ, ಅಥವಾ ಉತ್ತರ ಸರಿಯಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. 2022ರ ಸೆಪ್ಟೆಂಬರ್ 1ರಿಂದ ಈ ನಾಲ್ಕು ಕಂಪನಿಗಳೂ ಆ ವ್ಯವಸ್ಥೆಯೊಳಗೆ ಬಂದಿವೆ. ಖರ್ಚಿಲ್ಲ, ವಕೀಲರು ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ದೂರನ್ನು ರಿಸರ್ವ್ ಬ್ಯಾಂಕಿನ ಸಿಎಂಎಸ್ ತಾಣದಲ್ಲಿ ಹಾಕಬಹುದು. ಅಂಚೆಯಲ್ಲಾದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರಕ್ಕೆ, ಪಿನ್ 160017. ಸಾಲ ಕೊಟ್ಟವರು ಒಂಬುಡ್ಸ್‌ಮನ್ ವ್ಯಾಪ್ತಿಗೆ ಬರದಿದ್ದರೆ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯ ಗ್ರಾಹಕ ರಕ್ಷಣಾ ಘಟಕಕ್ಕೆ ಬರೆಯಬಹುದು. ಊರಿನ ಸೊಸೈಟಿಯ ಲೆಕ್ಕದ ತಕರಾರು ಇಲ್ಲಿಗೆ ಬರುವುದಿಲ್ಲ. ಅದಕ್ಕೆ ಸಹಕಾರ ಸಂಘಗಳ ನಿಬಂಧಕರ ಇಲಾಖೆ. ತಪ್ಪು ದಾಖಲೆಯಿಂದ ನಿಜವಾದ ನಷ್ಟವಾಗಿದ್ದರೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ನೀವು ತೆಗೆಯದ ಸಾಲವೇ ರಿಪೋರ್ಟಿನಲ್ಲಿದ್ದರೆ ಮೇಲಿನ ದೂರಿನ ಜತೆಗೆ 1930ಕ್ಕೆ ಫೋನ್ ಮಾಡಿ, ಪೊಲೀಸ್ ಠಾಣೆಯಲ್ಲೂ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ಮೊಬೈಲ್ ಆ್ಯಪ್‌ಗಳಲ್ಲಿ ಕೊಡುವ ಎರಡು ಮೂರು ಸಾವಿರದ ಸಾಲವೂ ರಿಪೋರ್ಟಿಗೆ ಬರುತ್ತದೆ ಎಂಬುದನ್ನು ಮನೆಯ ಮಕ್ಕಳಿಗೆ ಹೇಳಿ. ‘ಎಂಟು ದಿನದಲ್ಲಿ ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾಗಿ ತಡವಾದ ಕಂತನ್ನು ಅಳಿಸಲು ಯಾರಿಗೂ ಸಾಧ್ಯವಿಲ್ಲ. ತಪ್ಪಾಗಿ ಬರೆದದ್ದನ್ನು ತಿದ್ದಿಸಲು ಹಣ ಬೇಕಿಲ್ಲ.

ಮಕ್ಕಳ ಓದು, ನೆಂಟರ ಜಾಮೀನು

ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿರುತ್ತಾರೆ. ಮಗಳಿಗೆ ಕೆಲಸ ಸಿಗುವುದು ತಡವಾಗಿ ಕಂತು ನಿಂತರೆ ತಂದೆಯ ರಿಪೋರ್ಟಿನಲ್ಲೂ ಅದು ಏರುತ್ತದೆ. ಆದರೆ ಸ್ಕೋರ್ ಕಡಿಮೆ ಎಂಬುದೊಂದನ್ನೇ ಹಿಡಿದು ವಿದ್ಯಾರ್ಥಿಯ ಸಾಲದ ಅರ್ಜಿಯನ್ನು ತಳ್ಳಿಹಾಕುವುದು ಸರಿಯಲ್ಲವೆಂದು 2023ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಅದು ನೇರವಾಗಿ ಅನ್ವಯಿಸುತ್ತದೆ. ನಮ್ಮ ಕಡೆಯ ಬ್ಯಾಂಕುಗಳನ್ನು ಅದು ಕಟ್ಟಿಹಾಕುವುದಿಲ್ಲ; ಆದರೂ ಅರ್ಜಿಯ ಜತೆ ತೋರಿಸಲು ಯೋಗ್ಯವಾದ ತೀರ್ಪು.

ನನಗೆ ಹೆಚ್ಚು ಸಂಕಟ ತರುವುದು ಜಾಮೀನಿನ ವಿಷಯ. ನಮ್ಮಲ್ಲಿ ಭಾವನಿಗೆ, ನೆರೆಯವರಿಗೆ, ತೋಟದ ಕೆಲಸಕ್ಕೆ ಬರುವವರಿಗೆ ಜಾಮೀನು ನಿಲ್ಲುವುದು ಮದುವೆಗೆ ಹೋಗಿ ಬಡಿಸಿದಷ್ಟು ಸಹಜ. ಬೇಡ ಎನ್ನಲು ನಾಲಗೆ ಬರುವುದಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕಿನ ಸಾಲಕ್ಕೆ ನೀವು ಜಾಮೀನು ನಿಂತರೆ ಆ ಸಾಲ ನಿಮ್ಮ ರಿಪೋರ್ಟಿನಲ್ಲಿ ‘ಗ್ಯಾರಂಟರ್’ ಎಂಬ ಷರಾದೊಡನೆ ಕಾಣುತ್ತದೆ. ಅವರು ತಪ್ಪಿದ ಕಂತು ನಿಮ್ಮ ಸಾಲಕ್ಕೂ ಅಡ್ಡ ಬರುತ್ತದೆ. ಒಬ್ಬ ಬೀಡಿ ಕಟ್ಟುವ ತಾಯಿ ಮಗಳ ಮದುವೆಗೆ ಸಾಲ ಕೇಳಿದಾಗಷ್ಟೇ, ಆರು ವರ್ಷ ಹಿಂದೆ ಸಂಬಂಧಿಕರ ರಿಕ್ಷಾ ಸಾಲಕ್ಕೆ ಹಾಕಿದ ಸಹಿ ಎಂಥದ್ದೆಂದು ತಿಳಿದು ಕಣ್ಣೀರಿಟ್ಟದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಜಾಮೀನು ನಿಲ್ಲಲೇಬೇಕಾದರೆ ಸಾಲದ ಕರಾರಿನ ಪ್ರತಿಯನ್ನು ನೀವೂ ಪಡೆದುಕೊಳ್ಳಿ. ಸಾಲದ ಸಂಖ್ಯೆ ಬರೆದಿಡಿ. ವರ್ಷಕ್ಕೆ ಎರಡು ಸಲವಾದರೂ ನಿಮ್ಮ ರಿಪೋರ್ಟಿನಲ್ಲಿ ಆ ಸಾಲದ ಸಾಲು ಹೇಗಿದೆ ನೋಡಿ. ಕಂತು ತಡವಾದದ್ದು ಕಂಡರೆ ಸಾಲಗಾರರಲ್ಲಿ ಕೂಡಲೇ ಮಾತಾಡಿ, ಒಂದು ಕಂತು ತಪ್ಪಿದಾಗ ಸರಿಪಡಿಸುವುದು ಹತ್ತು ಕಂತು ತಪ್ಪಿದಾಗಿನಷ್ಟು ಕಷ್ಟವಲ್ಲ. ಸಾಲ ತೀರಿದ ದಿನ ಬೇಬಾಕಿ ಪತ್ರದ ಒಂದು ಪ್ರತಿ ನಿಮಗೂ ಬೇಕೆಂದು ಕೇಳಿ. ಭೂಮಿಯ ಮೂಲ ದಾಖಲೆ ಇಟ್ಟಿದ್ದರೆ ಅದನ್ನು 30 ದಿನದೊಳಗೆ ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕೆಂದು 2023ರ ಡಿಸೆಂಬರ್ 1ರಿಂದ ನಿಯಮವಿದೆ. ಒಂದೆರಡು ತಿಂಗಳು ಬಿಟ್ಟು ಮತ್ತೆ ರಿಪೋರ್ಟ್ ತೆಗೆದು, ಸಾಲಗಾರರ ಹೆಸರಿನಲ್ಲೂ ನಿಮ್ಮ ಹೆಸರಿನಲ್ಲೂ ಅದು ‘ಕ್ಲೋಸ್ಡ್’ ಎಂದು ಬಂದಿದೆಯೇ ನೋಡಿ. ಬಂದಿಲ್ಲವಾದರೆ ಅದೇ ದಿನ ದೂರು ಬರೆಯಿರಿ, ಸೀಲು ಹಾಕಿಸಿ, ಕ್ಯಾಲೆಂಡರಿನಲ್ಲಿ ಮೂವತ್ತನೆಯ ದಿನಕ್ಕೆ ಗುರುತು ಹಾಕಿಡಿ.